ಪೆಟ್ಟಿಗೆ ಪೆಟ್ಟು ಕೂಡಿಸುವ ವಿದ್ಯೆ

ಕಳೆದ ಶ್ರಾವಣದಲ್ಲಿ ನಮ್ಮ ನರೇಗಲ್ಲಿನ ಮನೆಯೊಳಗಿಂದ ನಾಲ್ಕು ರಾತ್ರಿಗಳವರೆಗೆ ‘ಢಬ್, ಢಬ್’ ಎಂಬ ಒಂದೇ ಸಪ್ಪಳ ಹೊರಡುತ್ತಿದ್ದಿತು. ಮೊದಲನೆಯ ರಾತ್ರಿ ನೆರೆಮನೆಯ ಹಿರಿಯರು ನಾವು ಯಾವುದೋ ಗೋಡೆಯನ್ನು ಕೆಡವುತ್ತಿರಬೇಕೆಂದು ಭಾವಿಸಿದರಂತೆ. ಎರಡನೆಯ ರಾತ್ರಿ ನೇರವಾಗಿ ಬಂದು ವಿಚಾರಿಸಿದರು. ಅವರನ್ನು ಒಳಗೆ ಕರೆದು ಕೂಡಿಸಿ, ಗಣಕಯಂತ್ರದ ತೆರೆಯನ್ನು ತೋರಿಸಿ, ನಡೆದಿದ್ದ ಕೆಲಸವನ್ನು ವಿವರಿಸಿದೆವು. ಅವರು ಎಲ್ಲವನ್ನೂ ಸಮಾಧಾನದಿಂದ ಕೇಳಿ, “ಅಲ್ರೀ ಮಾಸ್ತರ, ಒಂದ್ ಸಪ್ಪಳಾ ಜೋಡಸಾಕ ಇಷ್ಟ್ ಹೊತ್ತ ಬೇಕ?” ಎಂದು ಎದ್ದು ಹೋದರು. ಈ ಲೇಖನವು ಆ ಪ್ರಶ್ನೆಗೆ ತಡವಾಗಿ ಬಂದ ಉತ್ತರವೆಂದು ವಾಚಕರು ತಿಳಿಯಬಹುದು.

ಸಂಗತಿ ಇಷ್ಟೇ. ನಮ್ಮ ಅಣ್ಣನವರು ತೀರಿಕೊಂಡು ಒಂದು ವರ್ಷ ತುಂಬಲಿದ್ದಿತು. ಅವರ ಮಗನು ಬಸ್ ನಿಲ್ದಾಣದ ಹತ್ತಿರ ಒಂದು ಫೋಟೋ ಸ್ಟುಡಿಯೋ ಇಟ್ಟುಕೊಂಡು, ಸುತ್ತಲಿನ ಹಳ್ಳಿಗಳ ಮದುವೆ ಸೀಮಂತಗಳ ವಿಡಿಯೋ ತೆಗೆದು ಜೀವನ ಸಾಗಿಸುವವನು. ತಂದೆಯ ಮೂವತ್ತೊಂದು ಭಾವಚಿತ್ರಗಳನ್ನು ಒಂದರ ಹಿಂದೊಂದು ಕೋದು, ಅವುಗಳ ಹಿಂದೆ ತಂದೆಯೇ ಬಾರಿಸಿದ ತಬಲಾದ ಧ್ವನಿಯನ್ನಿಟ್ಟು, ನಾಲ್ಕು ನಿಮಿಷಗಳ ಚಿತ್ರಮಾಲೆಯೊಂದನ್ನು ಪುಣ್ಯತಿಥಿಯ ದಿನ ಬಂಧುಗಳಿಗೆ ತೋರಿಸಬೇಕೆಂಬುದು ಅವನ ಬಯಕೆ. ಅಣ್ಣನವರು ಮೂವತ್ತು ವರ್ಷ ನಾಟಕ ಕಂಪನಿಗಳಲ್ಲಿ ತಬಲಾ ಬಾರಿಸಿದರು. ಆ ಮೂವತ್ತು ವರ್ಷಗಳ ಪೈಕಿ ಮನೆಯಲ್ಲಿ ಉಳಿದಿರುವುದು 1989ರಲ್ಲಿ ಯಾರೋ ತುಂಬಿಕೊಂಡ ಒಂದೇ ಕ್ಯಾಸೆಟ್ಟು. ಅದರಲ್ಲಿಯೂ ಕೆಡದೆ ಉಳಿದದ್ದು ಒಂದೇ ಒಂದು ರಂಗಗೀತೆ.

ಇತ್ತೀಚೆಗೆ ಮದುವೆಯ ವಿಡಿಯೋ ನೋಡಿದ ವಾಚಕ ಭಗಿನಿಯರಿಗೆ ಈ ವಿದ್ಯೆಯ ಫಲವು ಗೊತ್ತಿದ್ದುದೇ. ಹಾಡಿನ ಪೆಟ್ಟು ಬಿದ್ದೊಡನೆ ಮದುಮಗಳ ಮುಖ ಹೋಗಿ ಬಳೆಗಳು ಬರುತ್ತವೆ. ಮತ್ತೊಂದು ಪೆಟ್ಟಿಗೆ ಬಳೆಗಳು ಹೋಗಿ ಮೈದುನನ ಮೀಸೆ ಬರುತ್ತದೆ. ಚಿತ್ರವು ಜಾರುವಾಗ ‘ಹುಶ್’ ಎಂದು ಗಾಳಿಯ ಸದ್ದು, ಬಂದು ನಿಂತಾಗ ‘ಢಬ್’ ಎಂದು ಡೊಳ್ಳಿನಂಥ ಸದ್ದು. ಇವು ಹಾಡಿನೊಳಗಿನ ಸದ್ದುಗಳಲ್ಲ, ಮೇಲಿನಿಂದ ಒಗ್ಗರಣೆ ಹಾಕಿದಂತೆ ಹಾಕಿದವು. ಒಗ್ಗರಣೆ ಹೊತ್ತಿಗೆ ಸರಿಯಾಗಿ ಬಿದ್ದರೆ ಯಾರೂ ಅದನ್ನು ಕುರಿತು ಮಾತನಾಡುವುದಿಲ್ಲ. ತಪ್ಪಿದರೆ ಮನೆಮಂದಿಗೆಲ್ಲ ತಿಳಿಯುತ್ತದೆ.

ನಮ್ಮ ಮಗನು (ಅಣ್ಣನ ಮಗನನ್ನು ನಮ್ಮಲ್ಲಿ ಬೇರೆಯಾಗಿ ಕರೆಯುವ ರೂಢಿಯಿಲ್ಲ) ಬಳಸುವ ತಂತ್ರಾಂಶಕ್ಕೆ ಡಾವಿಂಚಿ ರಿಸಾಲ್ವ್ ಎಂದು ಹೆಸರು. ತೆರೆಯ ಕೆಳಗಡೆ ಉದ್ದಕ್ಕೆ ಒಂದು ಪಟ್ಟಿ. ಮೇಲಿನ ಸಾಲಿನಲ್ಲಿ ಚಿತ್ರಗಳು, ಕೆಳಗಿನ ಸಾಲಿನಲ್ಲಿ ಹಾಡು. ಹಾಡು ಅಲ್ಲಿ ಗುಡ್ಡದ ಸಾಲಿನಂತೆ ಕಾಣುತ್ತದೆ. ಪೆಟ್ಟು ಬಿದ್ದಲ್ಲೆಲ್ಲ ಒಂದೊಂದು ಶಿಖರ. ಹಾಡನ್ನು ಕೇಳುತ್ತ ಪೆಟ್ಟಿಗೊಮ್ಮೆ ‘ಎಂ’ ಕೀಲಿಯನ್ನು ಒತ್ತಿದರೆ ಅಲ್ಲಿ ಒಂದು ಗುರುತು ಬೀಳುತ್ತದೆ. ಆ ಮೇಲೆ ಚಿತ್ರದ ಅಂಚನ್ನಾಗಲಿ ‘ಢಬ್’ಕಾರದ ತುಣುಕನ್ನಾಗಲಿ ಎಳೆದು ತಂದರೆ ಅಯಸ್ಕಾಂತಕ್ಕೆ ಸೂಜಿ ಅಂಟುವಂತೆ ಆ ಗುರುತಿಗೆ ಅಂಟಿಕೊಳ್ಳುತ್ತದೆ. ನೋಡಲಿಕ್ಕೆ ಮಕ್ಕಳಾಟ.

ಆದರೆ ಈ ಆಟದ ಕೆಳಗೆ ಒಂದು ಲೆಕ್ಕವಿದೆ. ನಮ್ಮ ಚಿತ್ರಮಾಲೆಯಲ್ಲಿ ಸೆಕೆಂಡಿಗೆ 25 ಚೌಕಟ್ಟುಗಳು, ಎಂದರೆ ಒಂದೊಂದಕ್ಕೂ ಸೆಕೆಂಡಿನ ಸಾವಿರದ 40 ಪಾಲು. ಹಾಡಿನಲ್ಲಿ ನಿಮಿಷಕ್ಕೆ 120 ಪೆಟ್ಟುಗಳಿದ್ದರೆ ಪೆಟ್ಟಿಗೂ ಪೆಟ್ಟಿಗೂ ನಡುವೆ ಹನ್ನೆರಡೂವರೆ ಚೌಕಟ್ಟು. ಅರ್ಧ ಚೌಕಟ್ಟೆಂಬುದು ಚಿತ್ರದಲ್ಲಿ ಇಲ್ಲ. ಹನ್ನೆರಡೆಂದು ಎಣಿಸುತ್ತ ಹೋದರೆ ಪ್ರತಿ ಪೆಟ್ಟಿಗೂ ಅರ್ಧ ಚೌಕಟ್ಟಿನಷ್ಟು ಮುಂದೆ ಓಡುತ್ತೇವೆ. ಐವತ್ತು ಪೆಟ್ಟುಗಳಲ್ಲಿ ಒಂದು ಸೆಕೆಂಡು ತಪ್ಪುತ್ತದೆ. ಆದ್ದರಿಂದ ಎಣಿಸಿ ಕೂಡಿಸಬಾರದು, ಪ್ರತಿಯೊಂದನ್ನೂ ಹಾಡಿಗೇ ಹಚ್ಚಿ ನೋಡಬೇಕು. ಶಬ್ದದ ತುಣುಕನ್ನು ಬೇಕಾದರೆ ಚೌಕಟ್ಟಿಗಿಂತಲೂ ಸಣ್ಣ ಅಳತೆಯಲ್ಲಿ ಸರಿಸಬಹುದು, ಏಕೆಂದರೆ ಸೆಕೆಂಡಿನ ಶಬ್ದವನ್ನು ಯಂತ್ರವು 48,000 ಅಂಶಗಳಾಗಿ ಬರೆದಿಟ್ಟುಕೊಂಡಿರುತ್ತದೆ.

ಇಷ್ಟು ಸೂಕ್ಷ್ಮ ಯಾರಿಗೆ ತಿಳಿಯುತ್ತದೆಂದು ಕೇಳಬಹುದು. ತಿಳಿಯುತ್ತದೆ, ಆದರೆ ಒಂದೇ ಕಡೆಗೆ ಹೆಚ್ಚಾಗಿ. ದೂರದರ್ಶನದವರು ಇದನ್ನು ಅಳೆದು ನೋಡಿದ್ದಾರೆ. ಸದ್ದು ಚಿತ್ರಕ್ಕಿಂತ 45 ಮಿಲಿಸೆಕೆಂಡು ಮುಂಚೆ ಬಂದರೆ ನೋಡುವವರಿಗೆ ಗೊತ್ತಾಗುತ್ತದೆ. ತಡವಾಗಿ ಬಂದರೆ 125ರ ವರೆಗೂ ಗೊತ್ತಾಗುವುದಿಲ್ಲ. ನಮ್ಮ ಎರೆ ಹೊಲಗಳಲ್ಲಿ ಅಡ್ಡಲಾಗಿ ಗಿಡವಿಲ್ಲ, ಗುಡ್ಡವಿಲ್ಲ. ನೂರು ಮಾರು ಆಚೆ ಒಬ್ಬನು ಗೂಟ ಬಡಿಯುತ್ತಿದ್ದರೆ ಮೊದಲು ಕೊಡತಿ ಬೀಳುವುದು ಕಾಣುತ್ತದೆ, ಆ ಮೇಲೆ ಸಪ್ಪಳ ಬರುತ್ತದೆ. ಸಪ್ಪಳಕ್ಕೆ ಮೂವತ್ತನಾಲ್ಕು ಮೀಟರು ನಡೆಯಲು ಸೆಕೆಂಡಿನ ಹತ್ತನೆಯ ಪಾಲು ಬೇಕು. ಹುಟ್ಟಿದಂದಿನಿಂದ ಹೀಗೆ ಕೇಳಿದ ಕಿವಿ ತಡವನ್ನು ಕ್ಷಮಿಸುತ್ತದೆ. ಪೆಟ್ಟಿಗೆ ಮುಂಚೆ ಸಪ್ಪಳ ಬಂದದ್ದನ್ನು ಅದು ಎಂದೂ ಕೇಳಿಲ್ಲ, ಆದಕಾರಣ ಸಹಿಸುವುದಿಲ್ಲ.

ಅಂತೂ ಮೊದಲನೆಯ ರಾತ್ರಿ ಮಗನು ತನ್ನ ರೂಢಿಯಂತೆ ಪೆಟ್ಟುಗಳನ್ನು ಹುಡುಕುವ ಕೆಲಸವನ್ನು ಯಂತ್ರಕ್ಕೇ ಒಪ್ಪಿಸಿದನು. ನಿಮಿಷಕ್ಕೆ 96 ಎಂದು ಅದು ತೀರ್ಪು ಕೊಟ್ಟಿತು. ಆ ಲೆಕ್ಕದಲ್ಲಿ ಉದ್ದಕ್ಕೂ ಸಮನಾಗಿ ಗೆರೆಗಳನ್ನೆಳೆದು, ಚಿತ್ರಗಳನ್ನು ಜೋಡಿಸಿ, ಪ್ರತಿಯೊಂದಕ್ಕೂ ‘ಢಬ್’ ಹಾಕಿದ್ದಾಯಿತು. ಅರ್ಧ ನಿಮಿಷ ಚೆನ್ನಾಗಿ ನಡೆಯಿತು. ಅನಂತರ ತಬಲಾ ಒಂದು ದಾರಿ, ‘ಢಬ್’ ಒಂದು ದಾರಿ. ಹಾಡಿನ ಲಯವು 98ಕ್ಕೆ ಏರಿದ್ದಿತು. ನಿಮಿಷಕ್ಕೆ ಎರಡೇ ಪೆಟ್ಟಿನ ವ್ಯತ್ಯಾಸವಾದರೂ ನಲವತ್ತು ಪೆಟ್ಟುಗಳು ಕಳೆಯುವಷ್ಟರಲ್ಲಿ ಅರ್ಧ ಸೆಕೆಂಡಿನ ಅಂತರ ಬೀಳುತ್ತದೆ. ಹಳೆಯ ಕ್ಯಾಸೆಟ್ಟಿನ ಓಟವೂ ಒಂದೇ ಸಮನಾಗಿರುವುದಿಲ್ಲವೆಂಬುದು ನಿಜ. ಆದರೆ ಅಲ್ಲಲ್ಲಿ ಲಯವು ಒಮ್ಮೆಲೇ ತಡೆದು ನಿಲ್ಲುತ್ತಿದ್ದುದಕ್ಕೆ ಆ ಕಾರಣ ಸಾಲದಾಗಿದ್ದಿತು.

“ಕಾಕಾ, ಅಪ್ಪಾನ ಲಯಾ ಸ್ವಲ್ಪ ಹಿಂದ ಮುಂದ ಆಗೈತಿ. ಸರಿ ಮಾಡ್ತೇನಿ,” ಎಂದನು ಮಗ. ಮರುದಿನ ಬೇರೊಂದು ಧ್ವನಿ ತಂತ್ರಾಂಶದಲ್ಲಿ ಹಾಡನ್ನು ಹಾಕಿ, ಅಲ್ಲಲ್ಲಿ ಹಿಗ್ಗಿಸಿ ಕುಗ್ಗಿಸಿ, ಪ್ರತಿ ಪೆಟ್ಟನ್ನೂ ಗೆರೆಯ ಮೇಲೆ ತಂದು ಕೂಡಿಸಿದನು. ಈ ಸಲ ಎಲ್ಲವೂ ಕೂಡಿತು. ನಾವಂತೂ ಭೇಷ್ ಎಂದೆವು. ಅಷ್ಟರಲ್ಲಿ ಅತ್ತಿಗೆಯವರು ರೊಟ್ಟಿಯ ಹಿಟ್ಟಿನ ಕೈಯಲ್ಲಿಯೇ ಅಡಿಗೆಮನೆಯಿಂದ ಹೊರಗೆ ಬಂದು, “ಇದ್ ಯಾರ್ ಬಾರಿಸ್ಯಾರ?” ಎಂದರು.

“ಅಪ್ಪಾನ, ಅವ್ವಾ.”

“ಅಲ್ಲ. ನಿಮ್ಮಪ್ಪ ಹಾಡವ್ರಿಗೆ ಉಸರ ತಗೋಳಾಕ ಬಿಡ್ತಿದ್ರು. ಇಂವಾ ಬಿಡವಲ್ಲ.”

ಮೂಲದ ಹಾಡನ್ನು ಮತ್ತೆ ಹಚ್ಚಿ ಕೇಳಿದೆವು. ಅತ್ತಿಗೆಯವರ ಮಾತು ನಿಜವಾಗಿದ್ದಿತು. ಹಾಡುವ ನಟಿಯು ಎತ್ತರದ ಸ್ವರದಿಂದ ಇಳಿದು ಉಸಿರೆಳೆದುಕೊಳ್ಳುವ ಕಡೆಗೆಲ್ಲ ಅಣ್ಣನವರ ಕೈ ತಡೆದಿದೆ. ಅಳೆದು ನೋಡಿದರೆ ಒಂದೆಡೆ ಎಂಟು ಚೌಕಟ್ಟುಗಳಷ್ಟು, ಸೆಕೆಂಡಿನ ಮೂರನೆಯ ಪಾಲಿನ ಹತ್ತಿರ. ಅವಳ ಉಸಿರು ತುಂಬಿದ ಮೇಲೆಯೇ ಸಮ ಬಿದ್ದಿದೆ. ಯಂತ್ರವು ಹಿಡಿದ ತಪ್ಪುಗಳೆಲ್ಲ ಅಂಥ ಕಡೆಗಳಲ್ಲಿಯೇ ಇದ್ದವು. ಅವುಗಳನ್ನು ತಿದ್ದಿದೊಡನೆ ತಾಳ ಉಳಿದು ಅಣ್ಣನವರು ಹೊರಟುಹೋಗಿದ್ದರು. ಮಗನು ಏನೂ ಮಾತನಾಡದೆ ತಿದ್ದಿದ ಪ್ರತಿಯನ್ನು ಅಳಿಸಿದನು.

ಇಲ್ಲಿ ನಮ್ಮ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾಗದು. ಅಣ್ಣನವರು ಬಾರಿಸುವುದನ್ನು ನಾವು ನಾಟಕದ ತಂಬುವಿನೊಳಗೆ ಕೂತು ಕೇಳಿದ್ದು ಜೀವಮಾನದಲ್ಲಿ ಒಂದೇ ಸಲ, 1981ರಲ್ಲಿ, ಕಂಪನಿಯ ಕ್ಯಾಂಪು ರೋಣದಲ್ಲಿದ್ದಾಗ. ರಂಗದ ಮುಂದೆ ತಗ್ಗಿನಲ್ಲಿ ಹಾರ್ಮೋನಿಯಮ್ಮಿನವರ ಪಕ್ಕದಲ್ಲಿ ಕೂತು ಅವರು ಹಾಡಿಗೆ ಠೇಕಾ ಹಿಡಿದದ್ದಕ್ಕಿಂತ ಮಾತಿನ ಭಾಗದಲ್ಲಿ ಮಾಡಿದ ಕೆಲಸವೇ ನಮಗೆ ನೆನಪು. ಖಳನ ಒಂದೊಂದು ಹೆಜ್ಜೆಗೂ ಡಗ್ಗಾದ ಮೇಲೊಂದು ಗುಮಕಿ. ಹಾಸ್ಯದವನು ಬಿದ್ದರೆ ಒಂದು ಪೆಟ್ಟು, ಎದ್ದರೆ ಒಂದು ಉರುಳಿಕೆ. ಈಗ ಕಂಪನಿಗಳಲ್ಲಿ ಈ ಕೆಲಸಕ್ಕೆ ರಿದಂ ಪ್ಯಾಡು ಬಂದಿದೆ. ಆಟ ಮುಗಿದ ಮೇಲೆ ಚಹದ ಅಂಗಡಿಯಲ್ಲಿ, ಅಷ್ಟು ಸರಿಯಾಗಿ ಪೆಟ್ಟು ಬೀಳುವುದು ಹೇಗೆಂದು ಕೇಳಿದೆವು. “ಹೆಜ್ಜಿ ನೋಡಿ ಹೊಡದ್ರ ತಡಾ ಆಕ್ಕತಿ. ನಾ ಭುಜಾ ನೋಡ್ತೇನಿ,” ಎಂದರು. ಕಾಲು ನೆಲಕ್ಕೆ ಬೀಳುವ ಮೊದಲೇ ಭುಜವು ಹೇಳುತ್ತದೆಯಂತೆ.

ಆ ಮೇಲೆ ನಾವು ಹೋಗಲಿಲ್ಲ. ಶಾಲೆಯ ಕೆಲಸವೆಂದು ಹೇಳುತ್ತಿದ್ದೆವು. ನಿಜವೇನೆಂದರೆ, ಮುಂದೆ ಎರಡು ವರ್ಷಕ್ಕೆ ನಮ್ಮ ಮದುವೆಯ ಮಾತುಕತೆ ನಡೆದಾಗ ಅಣ್ಣನವರೇನು ಮಾಡುತ್ತಾರೆಂದು ಬೀಗರು ಕೇಳಿದ್ದಕ್ಕೆ, ಗದಗಿನಲ್ಲಿ ವ್ಯಾಪಾರವೆಂದು ಹೇಳಿದವರು ನಾವೇ. ಅದು ಅವರ ಕಿವಿಗೆ ಬಿದ್ದಿತೆಂದು ಕೆಲವು ದಿನಗಳ ಮೇಲೆ ತಿಳಿಯಿತು. ಅವರು ಮದುವೆಗೆ ಬಂದರು, ಪಂಕ್ತಿಯಲ್ಲಿ ಬಡಿಸಿದರು, ತಬಲಾ ತಂದಿರಲಿಲ್ಲ. ಆ ವಿಷಯವಾಗಿ ನಮ್ಮಿಬ್ಬರಲ್ಲಿ ಎಂದೂ ಮಾತಾಗಲಿಲ್ಲ.

ಮೂರನೆಯ ರಾತ್ರಿ ಹೊಸದಾಗಿ ತೊಡಗಿದೆವು. ಗೆರೆಗಳನ್ನೆಲ್ಲ ತೆಗೆದು, ಕಿವಿಯಿಂದಲೇ ಗುರುತು ಹಾಕಬೇಕೆಂದು ನಿಶ್ಚಯವಾಯಿತು. ಆ ಕೆಲಸವನ್ನು ನಾವು ಕೇಳಿ ಪಡೆದುಕೊಂಡೆವು. ಪೆಟ್ಟು ಕೇಳಿಸಿದ ಮೇಲೆ ಕೀಲಿಯನ್ನು ಒತ್ತಿದರೆ ಗುರುತು ತಡವಾಗಿ ಬೀಳುತ್ತದೆ. ಲಯವನ್ನು ಮೈಗೆ ತಂದುಕೊಂಡು, ಬರುವ ಪೆಟ್ಟಿಗೆ ಎದುರು ಹೋಗಿ ಒತ್ತಿದರೆ ಸರಿಹೋಗುತ್ತದೆ. ಹಾಗೆ ಒತ್ತುವವರ ಬೆರಳು ಸಾಮಾನ್ಯವಾಗಿ ತುಸು ಮುಂಚೆಯೇ ಬೀಳುತ್ತದೆಂದು ಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ನಮ್ಮದೂ ಹಾಗೆಯೇ ಆಯಿತು. ಕಣ್ಣು ಮಾತ್ರ ಪದೇ ಪದೇ ಶಿಖರಗಳ ಕಡೆಗೆ ಓಡಿ ಬೆರಳನ್ನು ಕೆಡಿಸುತ್ತಿದ್ದಿತು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ (1892–1944) ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ (1914–2010) ತಾವು ಅಂಧರಾಗಿದ್ದು ಎಷ್ಟೋ ಅಂಧ ಮಕ್ಕಳಿಗೆ ಸಂಗೀತ ಕಲಿಸಿದರು. ಅಣ್ಣನವರು ಕಲಿತದ್ದೂ ಆ ಪರಂಪರೆಯ ಒಬ್ಬ ಅಂಧ ಗುರುಗಳಲ್ಲಿ. ಪಾಠದ ಹೊತ್ತಿಗೆ ಕಣ್ಣು ಮುಚ್ಚಿಸುತ್ತಿದ್ದರಂತೆ. ನಾವು ತೆರೆಯ ಮೇಲೆ ಒಂದು ಟವೆಲು ಹೊದಿಸಿದೆವು. ಮಗನು ನಕ್ಕನು. ಆದರೆ ಟವೆಲು ಹಾಕಿದ ಮೇಲೆ ಬಿದ್ದ ಗುರುತುಗಳು ಹೆಚ್ಚು ಸರಿಯಾಗಿದ್ದವು; ಶಿಖರಕ್ಕೆ ಹಚ್ಚಿ ತಿದ್ದಬೇಕಾದದ್ದು ಒಂದೆರಡು ಚೌಕಟ್ಟು ಮಾತ್ರ.

‘ಹುಶ್’ ಸದ್ದು ಕೂಡುತ್ತಿರಲಿಲ್ಲ. ತುಣುಕಿನ ಮೊದಲನ್ನು ಗುರುತಿಗೆ ಹಚ್ಚಿದರೆ ಸದ್ದು ಪೆಟ್ಟಿನ ಹಿಂದೆ ಬೀಳುತ್ತದೆ. ಗಾಳಿಯ ಸದ್ದು ಸಣ್ಣಗೆ ಹುಟ್ಟಿ, ಏರಿ, ಅರ್ಧ ಸೆಕೆಂಡಿನ ಮೇಲೆ ತುದಿಗೆ ಮುಟ್ಟುವಂಥದು. ಗುರುತಿಗೆ ಹಚ್ಚಬೇಕಾದದ್ದು ಅದರ ತುದಿಯನ್ನು, ಮೊದಲನ್ನಲ್ಲ. ಸದ್ದು ಪೆಟ್ಟಿಗಿಂತ ಮುಂಚೆಯೇ ಹೊರಡಬೇಕು. ಮಗನಿಗೆ ಇದು ಗೊತ್ತಿದ್ದ ಸಂಗತಿ, ಅವಸರದಲ್ಲಿ ಮರೆತಿದ್ದನು. ನಮಗೆ ರೋಣದ ಚಹದ ಅಂಗಡಿ ಕಣ್ಣಿಗೆ ಕಟ್ಟಿತು.

ಎಲ್ಲವೂ ಕೂಡಿದ ಮೇಲೆ ಹಚ್ಚಿ ನೋಡಿದರೆ ಸಂತೆಯ ಗದ್ದಲ. ಅತ್ತಿಗೆಯವರು, “ಇಷ್ಟ್ಯಾಕ್ ಬಡೀತೀರಿ?” ಎಂದರು. ಹಾಡು ಕೇರವಾ ತಾಳದ್ದು: ಎಂಟು ಮಾತ್ರೆಗಳಲ್ಲಿ ಮೊದಲನೆಯದಕ್ಕೆ ಸಮ, ಐದನೆಯದಕ್ಕೆ ಖಾಲಿ. ಖಾಲಿಯಲ್ಲಿ ಡಗ್ಗಾದ ತುಂಬುದನಿ ಅಡಗುತ್ತದೆ, ಅಡಗುವುದರಿಂದಲೇ ಸಮ ತೂಕಕ್ಕೆ ಬರುತ್ತದೆ. ನಾವು ಖಾಲಿಯ ಮೇಲೂ ‘ಢಬ್’ ಹೇರಿದ್ದೆವು. ನಾಲ್ಕನೆಯ ರಾತ್ರಿ ಮುಗಿಯುವ ಹೊತ್ತಿಗೆ ಚಿತ್ರಗಳೆಲ್ಲ ಸಮದ ಮೇಲಷ್ಟೇ ಬದಲಾಗುತ್ತಿದ್ದವು. ಮೇಲಿನಿಂದ ಹಾಕಿದ ಸದ್ದುಗಳಲ್ಲಿ ಮೂರು ಉಳಿದಿದ್ದವು. ನೆರೆಮನೆಯವರ ಪ್ರಶ್ನೆಗೆ ಲೆಕ್ಕದಲ್ಲಿ ಉತ್ತರ ಹೇಳುವುದಾದರೆ, ಮೂರು ಸಪ್ಪಳಕ್ಕೆ ನಾಲ್ಕು ರಾತ್ರಿ. ಮೂರರಲ್ಲಿ ಒಂದನ್ನಾದರೂ ಮಗನು ತೆಗೆಯಬಹುದಾಗಿತ್ತೆಂಬುದು ನಮ್ಮ ಅಭಿಪ್ರಾಯ; ಅಂಗಡಿಯವನಿಗೆ ತನ್ನ ಸಾಮಾನಿನ ಮೇಲೆ ಮೋಹವಿರುತ್ತದೆ.

ಪುಣ್ಯತಿಥಿಯ ದಿನ ಪಡಸಾಲೆಯ ಗೋಡೆಗೆ ಬಿಳಿ ಧೋತರ ಕಟ್ಟಿ ಚಿತ್ರಮಾಲೆಯನ್ನು ಹಚ್ಚಿದೆವು. ಮೊದಲನೆಯ ಚಿತ್ರ ಬಂದು ನಿಂತಿತು, ಪೆಟ್ಟು ಬರಲಿಲ್ಲ, ಆ ಮೇಲೆ ಬಂದಿತು. ಮಗನ ಮುಖ ಕಪ್ಪಿಟ್ಟಿತು. ಯಾರೋ ಎರವಲು ತಂದುಕೊಟ್ಟಿದ್ದ ಸ್ಪೀಕರು ಬ್ಲೂಟೂತ್‌ನದು. ತಂತಿಯಿಲ್ಲದೆ ಕಳಿಸುವಾಗ ಶಬ್ದವನ್ನು ಅಡಕಮಾಡಿ, ಆಚೆ ಬಿಡಿಸಿ, ನುಡಿಸುವಷ್ಟರಲ್ಲಿ ಸೆಕೆಂಡಿನ ಐದನೆಯ ಪಾಲಿನಷ್ಟು ತಡವಾಗಬಲ್ಲದು. ಕ್ಷಮಿಸುವ ಕಿವಿಯೂ ಅಷ್ಟನ್ನು ಕ್ಷಮಿಸಲಾರದು. ಮಗನು ಬಸ್ ನಿಲ್ದಾಣಕ್ಕೆ ಓಡಿಹೋಗಿ ಪಕ್ಕದ ಮೊಬೈಲ್ ಅಂಗಡಿಯಿಂದ ಒಂದು ವೈರು ತಂದನು. ಅಷ್ಟರವರೆಗೆ ಬಂದವರಿಗೆಲ್ಲ ಎರಡನೆಯ ಸಲ ಚಹವಾಯಿತು.

ಕಂಪನಿಯಲ್ಲಿ ಅಣ್ಣನವರ ಪಕ್ಕದಲ್ಲಿ ಕೂತು ಹಾರ್ಮೋನಿಯಂ ನುಡಿಸುತ್ತಿದ್ದ ವೃದ್ಧರೊಬ್ಬರು ಬಂದಿದ್ದರು. ಈಗ ಅವರಿಗೆ ಚಿತ್ರ ಸರಿಯಾಗಿ ಕಾಣುವುದಿಲ್ಲ. ಗೋಡೆಗೆ ಒರಗಿ, ಮೊಣಕಾಲಿನ ಮೇಲೆ ತಾಳ ಹಾಕುತ್ತ ಕೇಳಿದರು. ಹಾಡುವವಳು ಎತ್ತರದಿಂದ ಇಳಿದು ಉಸಿರೆಳೆದುಕೊಂಡ ಕಡೆಗೆ ಅವರ ಕೈಯೂ ಮೇಲೆಯೇ ನಿಂತಿತು. ಸಮ ಬಂದಾಗ ಇಳಿಯಿತು. ಮುಗಿದ ಮೇಲೆ ಅತ್ತಿಗೆಯವರ ಕಡೆಗೆ ತಿರುಗಿ, “ತಮ್ಮಾರ ಮಾಡ್ಯಾರೇನ್ರಿ ಇದನ್ನ?” ಎಂದು ಕೇಳಿದರು. ಅತ್ತಿಗೆಯವರು, “ಹೌದ್ರಿ, ಇವ್ರ ಅಣ್ಣ ತಬಲಾ ಬಾರಸ್ತಿದ್ರು ನೋಡ್ರಿ,” ಎಂದು ನಮ್ಮನ್ನು ತೋರಿಸಿದರು. ನಾವು ಹೌದೆಂದೆವು.

ವೈರನ್ನು ಅಂಗಡಿಗೆ ಹಿಂದಿರುಗಿಸುವುದು ಇನ್ನೂ ಉಳಿದಿದೆ.