ಒಂದೇ ಲೆಡ್ಜರು

ಕೈಗೆ ಮೊಬೈಲು ಬಂದ ಮೇಲೆ ದೊಡ್ಡ ಗಣಕಯಂತ್ರಗಳ ಕಾಲ ಮುಗಿಯಿತೆನ್ನುವವರಿದ್ದಾರೆ. ನೌಕರಿಯ ನಿಮಿತ್ತ ವಿಶಾಖಪಟ್ಟಣ, ವಿಜಯವಾಡಗಳಲ್ಲಿ ನೆಲೆಸಿರುವ ನಮಗೆ ಹಾಗೆನ್ನಿಸುವುದಿಲ್ಲ. ನಮಗೆ ಊರೆಂದರೆ ಪ್ರಶಾಂತಿ ಎಕ್ಸ್‌ಪ್ರೆಸ್ಸಿನಲ್ಲಿ ಒಂದು ಬರ್ತು.

ನಮ್ಮ ಹಿರಿಯರ ಕಾಲದಲ್ಲಿ ಮರುಪ್ರಯಾಣದ ಬರ್ತಿಗೆ ಸ್ಟೇಷನ್ನಿನಿಂದ ತಂತಿ ಹೋಗಬೇಕಿತ್ತು. 1985ರಲ್ಲಿ ದೆಹಲಿಯಲ್ಲಿ ಪ್ರಯೋಗಕ್ಕೆ ಬಂದ ಗಣಕೀಕೃತ ರಿಸರ್ವೇಷನ್ನು ಬೆಳೆದು, 1999ರಲ್ಲಿ ದೆಹಲಿ, ಮುಂಬಯಿ, ಕೋಲ್ಕತ್ತ, ಚೆನ್ನೈ, ಸಿಕಂದರಾಬಾದು ಕೇಂದ್ರಗಳು ಒಂದೇ ಜಾಲಕ್ಕೆ ಸೇರಿದವು. ಅಲ್ಲಿ ದುಡಿದ ವ್ಯಾಕ್ಸ್ ಯಂತ್ರ ಮೇನ್‌ಫ್ರೇಮ್ ಅಲ್ಲವಾದರೂ ಅದರ ಧರ್ಮ ಅದೇ: ಲೆಡ್ಜರು ಒಂದೇ, ಕೈಗಳು ಸಾವಿರ. ಕೊನೆಯ ಬರ್ತನ್ನು ಎರಡು ಊರಿನವರು ಒಟ್ಟಿಗೆ ಕೇಳಿದರೆ, ಒಬ್ಬರ ಲೆಕ್ಕ ಮುಗಿಯುವವರೆಗೆ ಇನ್ನೊಬ್ಬರಿಗೆ ಆ ಸಾಲಿಗೆ ಬೀಗ.

ತಾಯಿಗೆ ಹುಷಾರಿಲ್ಲವೆಂದು ಊರಿನಿಂದ ಫೋನು ಬಂದ ರಾತ್ರಿ ಆ ಬೀಗದ ಬೆಲೆ ನಮಗೆ ತಿಳಿಯಿತು. ಚೀಟಿಯಲ್ಲಿದ್ದ ಬರ್ತು ನಮ್ಮದೇ ಆಗಿತ್ತು. ಜಗಳವಿಲ್ಲದೆ ಬೆಳಗಾಯಿತು, ತಾಯಿಯ ಮುಖ ಕಂಡೆವು.

1964ರಲ್ಲಿ ಐಬಿಎಂ ಪ್ರಕಟಿಸಿದ ಸಿಸ್ಟಂ 360ರ ವಂಶದ ಯಂತ್ರಗಳು ಇಂದಿಗೂ ಜಗತ್ತಿನ ದೊಡ್ಡ ಬ್ಯಾಂಕುಗಳ ಲೆಕ್ಕ ಹಿಡಿದಿವೆ. ಹಣವಾಗಲಿ ಬರ್ತಾಗಲಿ, ಒಮ್ಮೆ ಬರೆದದ್ದು ಇಬ್ಬರ ಪಾಲಾಗಬಾರದು. ಮೊಬೈಲು ಬಾಗಿಲು ಮಾತ್ರ. ಮನೆ ನಿಂತಿರುವುದು ಒಳಗಿನ ಕಂಬದ ಮೇಲೆ.