ಹಲಗಿ ಯಾರ ಕಣ್ಣಿಗೆ ಕುಣಿತ?

ಕುಷ್ಟಗಿ ಸೀಮೆಯ ನಮ್ಮ ಕೇರಿಯಲ್ಲಿ ಹಲಗಿ ಸದ್ದು ಕೇಳಿದರೆ ನಾವು ಮೊದಲು ಕೇಳುತ್ತಿದ್ದುದು ‘ಯಾರು ಸತ್ತರು?’ ಅಂತ. ಊರವರ ಕಿವಿಗೆ ಅದು ಜಾತ್ರೆ. ಅಪ್ಪ ಹುಲ್ಲು ಉರಿಸಿ ಹಲಗಿ ಕಾಸುತ್ತಿದ್ದ. ಚರ್ಮ ಬಿಗಿಯಾದದ್ದೇ ತಡ, ಎಡಗೈಯ ಸಣ್ಣ ಕಡ್ಡಿ, ಬಲಗೈಯ ದಪ್ಪ ಕೋಲು ಮಾತಾಡತೊಡಗುತ್ತಿದ್ದವು. ಪಲ್ಲಕ್ಕಿಗೆ ಮುಖಮಾಡಿ, ಹಿಂದಹಿಂದಕ್ಕೆ ಹೆಜ್ಜೆ ಹಾಕುತ್ತ ಕುಣಿಯುತ್ತಿದ್ದ. ಗುಡಿ ಕಟ್ಟೆ ಬಂತೋ, ಕಾಲು ನಿಂತವು. ದೇವರು ಒಳಗೆ, ಹಲಗಿ ಹೊರಗೆ. ಕೂಲಿಯ ಜೋಳವನ್ನು ದೂರದಿಂದಲೇ ಟುವಾಲಿಗೆ ಸುರಿಯುತ್ತಿದ್ದರು.

ಚಳವಳಿ ಬಂದಮೇಲೆ ‘ಈ ಚಾಕರಿ ಬ್ಯಾಡ’ ಅಂತ ನಾವೇ ಅಪ್ಪನ ಕೂಡ ಜಗಳಾಡಿದೆವು. ನಮಗೆ ಕಂಡದ್ದು ಅವಮಾನ, ಅವನಿಗೆ ತನ್ನ ಕೈಚಳಕ. ಎರಡೂ ಖರೆ. ಆಮೇಲೆ ನಮ್ಮ ಮೆರವಣಿಗೆಗೂ ಹಲಗಿಯೇ ಬೇಕಾಯಿತು ಅನ್ನಿ!

ಮೊನ್ನೆ ಗಂಗಾವತಿಯ ವೇದಿಕೆಯೊಂದರಲ್ಲಿ ಹುಡುಗರು ರೇಷ್ಮೆ ಪೇಟ ಸುತ್ತಿ ಹಲಗಿ ಕುಣಿದರು. ಭಾರೀ ಚಪ್ಪಾಳೆ. ಇದೇ ತಾಲೂಕಿನ ಮರಕುಂಬಿಯಲ್ಲಿ 2014ರಲ್ಲಿ ನಮ್ಮವರ ಗುಡಿಸಲು ಸುಟ್ಟಿದ್ದರು. 2024ರಲ್ಲಿ ಕೊಪ್ಪಳ ನ್ಯಾಯಾಲಯ 98 ಮಂದಿಗೆ ಜೀವಾವಧಿ ವಿಧಿಸಿತು. ಅಪ್ಪ ಮಾತ್ರ ಹುಡುಗರ ಕಾಲನ್ನೇ ನೋಡುತ್ತಿದ್ದ.

‘ಚಂದ ಕುಣಿತಾರಪ್ಪ. ಆದ್ರ ಇವ್ರು ಎಲ್ಲೂ ನಿಂದ್ರಲೇ ಇಲ್ಲಲ್ಲ?’ ಅಂದ.