ಅಡುಗೆಮನೆಗೆ ಬಂದ ಹೊಸ ಒಲೆ

ಗೃಹಸ್ಥನ ಮನೆಗೆ ಹೊಸ ಉಪಕರಣವೊಂದು ಬಂದಾಗ ಅದರ ಬೆಲೆಯನ್ನು ವಿಚಾರಿಸುವುದು ಲೋಕರೂಢಿ. ಅದರ ಅವಶ್ಯಕತೆಯನ್ನು ವಿಚಾರಿಸುವುದು ಶ್ರಾವಕರೂಢಿ. ಭೋಗ ಮತ್ತು ಉಪಭೋಗಗಳನ್ನು ನಮ್ಮ ಆಚಾರ್ಯರು ಪ್ರತ್ಯೇಕಿಸಿದ್ದಾರೆ. ಒಮ್ಮೆ ಅನುಭವಿಸಿದರೆ ತೀರಿಹೋಗುವ ಅನ್ನ, ಹೂವು ಮೊದಲಾದವು ಭೋಗ. ಮತ್ತೆ ಮತ್ತೆ ಬಳಸಲ್ಪಡುವ ವಸ್ತ್ರ, ಪಾತ್ರೆ ಮೊದಲಾದವು ಉಪಭೋಗ. ಎರಡಕ್ಕೂ ಪರಿಮಾಣವಿರಬೇಕು. ಈ ದೃಷ್ಟಿಯಿಂದ ಪಿಜ್ಜಾ ಎಂಬ ತಿನಿಸು ಭೋಗ, ಅದನ್ನು ಬೇಯಿಸುವ ವಿದ್ಯುತ್ ಓವನ್ ಉಪಭೋಗ. ಶಿರಾ ತಾಲ್ಲೂಕಿನ ಮದಲೂರಿನ ಒಂದು ಜೈನ ಕುಟುಂಬದಲ್ಲಿ ಇವೆರಡೂ ಒಟ್ಟಿಗೆ ಚರ್ಚೆಗೆ ಬಂದವು.

ಕಾರಣ ಸರಳವಾದದ್ದು. ಒಂಬತ್ತನೆಯ ತರಗತಿಯ ಹುಡುಗ ಗೆಳೆಯರೊಡನೆ ಶಿರಾಕ್ಕೆ ಹೋದವನು ಸೂರ್ಯಾಸ್ತದ ನಂತರ ಅಂಗಡಿಯೊಂದರಲ್ಲಿ ಪಿಜ್ಜಾ ತಿಂದು ಬಂದನು. ಕೇಳಿದಾಗ ಮುಚ್ಚಿಡದೆ ಹೇಳಿದನು. ನಿಜ ಹೇಳಿದ ಮಗುವನ್ನು ದಂಡಿಸಿದರೆ ಮುಂದಿನ ಸಲ ಸುಳ್ಳು ಹೇಳುವುದನ್ನು ಕಲಿಸಿದಂತಾಗುತ್ತದೆ ಎಂದು ತಾಯಿ ಯೋಚಿಸಿದರು. ಮಾಂಸದ ಚೂರುಗಳಿಗೂ ತರಕಾರಿಗೂ ಒಂದೇ ಚಾಕು ಬಳಸುವ ಜಾಗಕ್ಕೆ ಹೋಗುವುದಕ್ಕಿಂತ ಮನೆಯಲ್ಲೇ ಮಾಡಿಕೊಡುವುದು ಲೇಸೆಂದು ನಿರ್ಧರಿಸಿ, ಮೂರೂವರೆ ಸಾವಿರ ರೂಪಾಯಿಗೆ ಮೇಜಿನ ಮೇಲಿಡುವ ದುಂಡನೆಯ ಓವನ್ ಒಂದನ್ನು ತರಿಸಿದರು. ಮಾರಿದವರು ಹತ್ತು ದಿನಗಳೊಳಗೆ ಹಿಂದಿರುಗಿಸುವ ಅವಕಾಶ ಕೊಟ್ಟಿದ್ದರು.

ಓವನ್ನಿನ ರಚನೆ ಕಠಿಣವಲ್ಲ. ಹನ್ನೆರಡು ಅಂಗುಲದ ಒಂದು ಕಲ್ಲು, ಅದರ ಕೆಳಗೊಂದು ಮೇಲೊಂದು ಕಾಯಿಲ್, ಮುಚ್ಚಳ, ಶಾಖ ನಿಯಂತ್ರಿಸುವ ತಿರುಗುಬಟನ್. ಸಾಮರ್ಥ್ಯ 1200 ವಾಟ್. 230 ವೋಲ್ಟಿನಲ್ಲಿ ಇದು ಐದು ಆಂಪಿಯರಿಗೆ ಸ್ವಲ್ಪ ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ. ಫ್ಯಾನು, ರೇಡಿಯೋಗಳಿಗೆ ಹಾಕಿಸಿದ 6 ಆಂಪಿಯರ್ ಸಾಕೆಟ್ಟಿಗೆ ಇದು ಅಂಚಿನ ಭಾರ. 16 ಆಂಪಿಯರಿನ ಸಾಕೆಟ್ ಇಲ್ಲದ ಮನೆಯವರು ಓವನ್ನಿನ ಬೆಲೆಗೆ ಅದರ ವೆಚ್ಚವನ್ನೂ ಸೇರಿಸಿಯೇ ಲೆಕ್ಕ ಮಾಡತಕ್ಕದ್ದು. ಜಾಹೀರಾತಿನಲ್ಲಿ 400 ಡಿಗ್ರಿ ಶಾಖವೆಂದು ಬರೆದಿತ್ತು. ಹುಡುಗನ ತಂದೆ ಪಾವಗಡದ ತಿರುಮಣಿಯ ಸೌರ ಉದ್ಯಾನದಲ್ಲಿ ಕೆಲಸ ಮಾಡುವವರು. ಫಲಕಗಳ ಬಿಸಿಯನ್ನು ದೂರದಿಂದಲೇ ಅಳೆಯುವ ಉಪಕರಣ ಅಲ್ಲಿ ಬಳಕೆಯಲ್ಲಿದೆ. ಅಂಥದೊಂದನ್ನು ಅನುಮತಿ ಪಡೆದು ತಂದು ನೋಡಿದರು. ಮಧ್ಯಾಹ್ನ 225 ವೋಲ್ಟ್ ಇದ್ದಾಗ ಇಪ್ಪತ್ತು ನಿಮಿಷದಲ್ಲಿ ಕಲ್ಲು 335 ಡಿಗ್ರಿ ಮುಟ್ಟಿತು. ಸಂಜೆ ಏಳಕ್ಕೆ 190 ವೋಲ್ಟಿನಲ್ಲಿ 260ನ್ನೂ ದಾಟಲಿಲ್ಲ.

ಇದರಲ್ಲಿ ಆಶ್ಚರ್ಯವಿಲ್ಲ. ಕಾಯಿಲಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ. 190 ವೋಲ್ಟಿಗೆ 1200 ವಾಟಿನ ಯಂತ್ರ ಸುಮಾರು 820 ವಾಟಿನ ಯಂತ್ರವಾಗುತ್ತದೆ. ಊರಿನ ದೀಪಗಳೆಲ್ಲ ಹೊತ್ತುವ ವೇಳೆಗೆ ಗ್ರಾಮದ ತಂತಿಯಲ್ಲಿ ವೋಲ್ಟೇಜ್ ಕುಸಿಯುವುದು ಎಲ್ಲರೂ ಬಲ್ಲ ಸಂಗತಿ. ಹಗಲಿನಲ್ಲಿ ಆರೇಳು ನಿಮಿಷಕ್ಕೆ ಬೆಂದದ್ದು ಸಂಜೆ ಹದಿನೈದು ನಿಮಿಷವಾದರೂ ಬಿಳಿಚಿಕೊಂಡೇ ಇದ್ದು ಅಂಚು ರೊಟ್ಟಿಯಂತೆ ಗಟ್ಟಿಯಾಯಿತು. ರಾತ್ರಿಭೋಜನತ್ಯಾಗದ ವ್ರತವೂ ವೋಲ್ಟೇಜೂ ಒಂದೇ ಪಕ್ಷ ವಹಿಸಿದ ಪ್ರಸಂಗ ಪ್ರಾಯಶಃ ಇದೊಂದೇ ಇರಬೇಕು.

ನೇಪಲ್ಸಿನಲ್ಲಿ 1984ರಲ್ಲಿ ಸ್ಥಾಪಿತವಾದ ಪಿಜ್ಜಾ ತಯಾರಕರ ಸಂಘವು ಕಟ್ಟಿಗೆ ಒಲೆಯಲ್ಲಿ ಅರವತ್ತರಿಂದ ತೊಂಬತ್ತು ಸೆಕೆಂಡುಗಳಲ್ಲಿ ಬೇಯಬೇಕೆಂದು ನಿಯಮ ಮಾಡಿದೆ. ಆ ಮಟ್ಟದ ಶಾಖವನ್ನು ಈ ಬೆಲೆಯ ಓವನ್ನಿನಿಂದ ನಿರೀಕ್ಷಿಸುವುದು ನ್ಯಾಯವಲ್ಲ. ಇದನ್ನು ಹೋಲಿಸಬೇಕಾದುದು ಮನೆಯ ಕಬ್ಬಿಣದ ಹೆಂಚಿನೊಂದಿಗೆ. ಹೆಂಚಿನ ಮೇಲೆ ಮುಚ್ಚಳವಿಟ್ಟು ಮಾಡಿದ ಪಿಜ್ಜಾ ತಳದಲ್ಲಿ ಚೆನ್ನಾಗಿ ಬೆಂದಿತು, ಆದರೆ ಮೇಲಿನ ಚೀಸ್ ಕರಗಿತೇ ಹೊರತು ಕೆಂಪಾಗಲಿಲ್ಲ. ಮೇಲಿನಿಂದ ಬರುವ ಶಾಖಕ್ಕಾಗಿಯೇ ಮೂರೂವರೆ ಸಾವಿರ ಕೊಡುವುದು ಎಂದು ಕೊಳ್ಳುವವರು ತಿಳಿದಿರಬೇಕು. ಕಡಲೆಕಾಯಿ ಹುರಿಯಲು ಹೋದರೆ ಹೊರಸಿಪ್ಪೆ ಕರಿದಾಗಿ ಒಳಗೆ ಹಸಿಯಾಗಿಯೇ ಉಳಿಯಿತು; ಮಂದ ಶಾಖ ಇದರ ಸ್ವಭಾವದಲ್ಲಿಲ್ಲ.

ಇನ್ನು ಪದಾರ್ಥಗಳ ವಿಚಾರ. ಈರುಳ್ಳಿ, ಬೆಳ್ಳುಳ್ಳಿ, ಅಣಬೆಗಳ ಪ್ರಶ್ನೆ ಏಳಲಿಲ್ಲ. ಟೊಮೆಟೊ, ದೊಣ್ಣೆ ಮೆಣಸಿನಕಾಯಿ ಸಾಕಾದವು. ತೊಡಕು ಚೀಸಿನದು. ಹಾಲನ್ನು ಹೆಪ್ಪುಗಟ್ಟಿಸುವ ರೆನೆಟ್ ಎಂಬ ದ್ರವ್ಯವನ್ನು ಪೂರ್ವದಿಂದಲೂ ಎಳೆಗರುವಿನ ಜಠರದಿಂದ ತೆಗೆಯುತ್ತಿದ್ದರು. ಇಟಲಿಯ ಪಾರ್ಮಿಜಾನೊ ರೆಜಾನೊ ಚೀಸಿಗೆ ಇಂದಿಗೂ ಅದೇ. ಅದೇ ಕಿಣ್ವವನ್ನು ಸೂಕ್ಷ್ಮಾಣುಗಳ ಮೂಲಕ ತಯಾರಿಸುವ ವಿಧಾನಕ್ಕೆ 1990ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಶಿಲೀಂಧ್ರಮೂಲದ ರೆನೆಟ್ ಅದಕ್ಕೂ ಮೊದಲಿನದು. ನಮ್ಮ ದೇಶದ ಪೊಟ್ಟಣಗಳ ಮೇಲೆ 2001ರಿಂದ ಹಸಿರು ಗುರುತು ಬಂದಿದೆ. ಆದರೂ ಸಣ್ಣಕ್ಷರದ ಪದಾರ್ಥಪಟ್ಟಿಯಲ್ಲಿ ರೆನೆಟ್ಟಿನ ಮೂಲವನ್ನು ಓದಿಯೇ ಕೊಳ್ಳುವುದು ಕ್ಷೇಮ. ಪನೀರು ಹುಳಿಯಿಂದ ಒಡೆಸಿದ್ದಾದ್ದರಿಂದ ಕರಗದು, ಎಳೆಯೂ ಬಾರದು. ಅಜ್ಜಿಗೆ ಅದೇ ರುಚಿಸಿತು.

ಯೀಸ್ಟ್ ಹಾಕಿ ಗಂಟೆಗಟ್ಟಲೆ ಹುದುಗಿಸಿದ ಹಿಟ್ಟನ್ನು ಅಜ್ಜಿ ಒಪ್ಪಲಿಲ್ಲ. 1843ರಲ್ಲಿ ಇಂಗ್ಲೆಂಡಿನ ಆಲ್ಫ್ರೆಡ್ ಬರ್ಡ್ ಎಂಬಾತ ಯೀಸ್ಟ್ ಒಗ್ಗದ ತನ್ನ ಪತ್ನಿಗಾಗಿ ಬೇಕಿಂಗ್ ಪೌಡರ್ ಕಂಡುಹಿಡಿದನು. ಆತನ ಪತ್ನಿಪ್ರೇಮ ಮದಲೂರಿನಲ್ಲಿ ಉಪಯೋಗಕ್ಕೆ ಬಂತು. ಗಿರಣಿಯಲ್ಲಿ ಆಗತಾನೇ ಬೀಸಿದ ಗೋಧಿಹಿಟ್ಟನ್ನು ಅದರೊಡನೆ ಕಲಸಿ ಕೂಡಲೇ ಬೇಯಿಸಿದರೆ ಮೃದುವಾಗಿಯೇ ಬರುತ್ತದೆ. ಕಾಲುಭಾಗ ರಾಗಿ ಬೆರೆಸಿದ ದಿನ ಮಾತ್ರ ಬಿರುಕು ಬಿಟ್ಟಿತು.

ಒಂಬತ್ತನೆಯ ದಿನ ಸೊಸೆ ಓವನ್ನಿನ ಗುಂಡಿ ಒತ್ತುವುದರಲ್ಲಿದ್ದಾಗ ಅಜ್ಜಿ ಕೈ ತಡೆದರು. ಕಲ್ಲಿನ ಅಂಚಿನಿಂದ ಸಣ್ಣ ಕೆಂಪಿರುವೆಗಳ ಸಾಲು ಒಳಕ್ಕೆ ಹೋಗುತ್ತಿತ್ತು. ಹಿಂದಿನ ಬಾರಿ ಉದುರಿದ ಚೂರುಗಳು ಕಲ್ಲಿನ ಕೆಳಗೆ ಸೇರಿದ್ದವು. ಅಡುಗೆಯ ಬೆಂಕಿಯಿಂದಾಗುವುದು ಆರಂಭೀ ಹಿಂಸೆ, ಗೃಹಸ್ಥನಿಗೆ ಪೂರ್ಣವಾಗಿ ತಪ್ಪದ್ದು ಎಂದು ಶಾಸ್ತ್ರ ಹೇಳುತ್ತದೆ ನಿಜ. ಆದರೆ ಕಂಡ ಮೇಲೂ ಗುಂಡಿ ಒತ್ತಿದರೆ ಅದಕ್ಕೆ ಆ ಹೆಸರು ಸಲ್ಲದು. ಓವನ್ನಿಗೆ ಹೊರಕ್ಕೆಳೆಯುವ ತಟ್ಟೆ ಇರಲಿಲ್ಲ. ಹಿಂದಿರುಗಿಸುವುದೇ ಸರಿಯೆಂದು ಎಲ್ಲರಿಗೂ ತೋರಿತು.

ಹಿಂದಿರುಗಿಸುವ ಅರ್ಜಿಯಲ್ಲಿ ಕಾರಣ ಗುರುತಿಸಬೇಕಾಗಿತ್ತು. “ದೋಷವಿದೆ” ಎಂದರೆ ಪೂರ್ತಿ ಹಣ, “ಬೇಡವಾಯಿತು” ಎಂದರೆ ಸಾಗಣೆಯ ಖರ್ಚು ಕಡಿತ. ಹುಡುಗ ಮೊದಲನೆಯದನ್ನು ಗುರುತಿಸಲು ಹೋದನು. ತಂದೆಯೂ, “400 ಎಂದು ಹೇಳಿ 335 ಕೊಟ್ಟಿದ್ದಾರೆ, ಅದು ದೋಷವಲ್ಲವೆ?” ಎಂದರು. ವಾದ ದುರ್ಬಲವಾದುದಲ್ಲ, ಮಾರುವವನ ಅತಿಶಯೋಕ್ತಿ ಸುಳ್ಳೇ ಸರಿ. ತಾಯಿ ಮಾತ್ರ ಒಪ್ಪಲಿಲ್ಲ. “335 ಎಂದು ನಮಗೆ ಎರಡನೆಯ ದಿನವೇ ಗೊತ್ತಿತ್ತು. ಆಮೇಲೆ ಒಂದು ವಾರ ತಿಂದಿದ್ದೇವೆ. ಈಗ ಕಳಿಸುತ್ತಿರುವುದು ಇರುವೆಗಾಗಿ” ಎಂದರು. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯೂ ಒಂದು. ಸುಳ್ಳು ಪತ್ರ ಬರೆಯುವುದು ಎಂದರೆ ವ್ಯಾಪಾರಿಗಳಾದ ನಾವು ಸಾಮಾನ್ಯವಾಗಿ ಅಂಗಡಿಯ ಖಾತೆ, ಪತ್ರಗಳನ್ನಷ್ಟೇ ನೆನೆಯುತ್ತೇವೆ. ಗ್ರಾಹಕನ ಕೈಗೂ ಲೇಖನಿ ಬಂದಿರುವ ಕಾಲವಿದು.

ಅರ್ಜಿ ಅರ್ಧದಲ್ಲಿದ್ದಾಗ ಅಜ್ಜಿ ಕಲ್ಲನ್ನು ಎತ್ತಿ ನೋಡಿದರು. ಸ್ಕ್ರೂ ಇಲ್ಲದೆ ಸುಮ್ಮನೆ ಕೂರಿಸಿದ್ದ ಕಲ್ಲು ಮೇಲೆದ್ದು ಬಂದಿತು. ಕೆಳಗಿನ ಜಾಗವೆಲ್ಲ ಕೈಗೆಟುಕುವಂತಿತ್ತು. ತಂತಿ ಕಿತ್ತು ಹೊರಜಗುಲಿಯಲ್ಲಿ ಎರಡು ತಾಸು ಇಟ್ಟು, ಇರುವೆಗಳು ತಾವಾಗಿ ಹೋದ ಮೇಲೆ ಮೃದುವಾದ ಕುಂಚದಿಂದ ಗುಡಿಸಿದರು. ಓವನ್ ಮನೆಯಲ್ಲಿಯೇ ಉಳಿಯಿತು. ಬೇರೆ ಮಾದರಿಗಳನ್ನು ನೋಡುವವರು ಮೊದಲು ಕಲ್ಲು ಎದ್ದು ಬರುವುದೋ ಎಂದು ಪರೀಕ್ಷಿಸಲಿ. ಎದ್ದು ಬಾರದಿದ್ದರೆ ಎಷ್ಟು ಅಗ್ಗವಾದರೂ ನಮ್ಮ ಮನೆಗಳಿಗೆ ಅದು ತಕ್ಕದ್ದಲ್ಲ. ಬಿಸಿ ಕಲ್ಲಿಗೆ ನೀರು ಸೋಕಿಸಬಾರದು, ಸೀಳುತ್ತದೆ.

ಈಗ ಅದು ಭಾನುವಾರದ ಮಧ್ಯಾಹ್ನ ಮಾತ್ರ ಹೊರಬರುತ್ತದೆ. ಉಳಿದ ದಿನ ಬಿಗಿ ಮುಚ್ಚಳದ ಹಳೆಯ ಟ್ರಂಕಿನಲ್ಲಿರುತ್ತದೆ. ಒಂದು ಪಿಜ್ಜಾಕ್ಕಾಗಿ ಕಾಯಿಸಿದರೆ ಅರ್ಧ ಯೂನಿಟ್, ಸಾಲಾಗಿ ನಾಲ್ಕು ಮಾಡಿದರೆ ಒಂದು ಯೂನಿಟ್ಟಿಗೂ ಕಡಿಮೆ. 2023ರಲ್ಲಿ ಆರಂಭವಾದ ಗೃಹಜ್ಯೋತಿಯ ಕೃಪೆಯಿಂದ ಬಿಲ್ಲು ಬಾರದಿದ್ದರೂ ತಾಯಿ ಈ ಲೆಕ್ಕ ಬಿಟ್ಟಿಲ್ಲ. ಆದ್ದರಿಂದ ಪಕ್ಕದ ಮನೆಯ ಮಕ್ಕಳಿಗೂ ಕರೆ ಹೋಗುತ್ತದೆ. ಕಲ್ಲೆತ್ತಿ ನೋಡಿ ಗುಡಿಸುವ ಕೆಲಸ ಹುಡುಗನದು. ಅವನು ಗೆಳೆಯರೊಡನೆ ಶಿರಾಕ್ಕೆ ಹೋಗುವುದನ್ನು ಬಿಟ್ಟಿಲ್ಲ. ಅಂಗಡಿಯಲ್ಲಿ ನಿಂಬೆಹಣ್ಣಿನ ಸೋಡಾ ಕುಡಿದೆನೆಂದು ಹೇಳುತ್ತಾನೆ, ಕತ್ತಲಾದ ಮೇಲೆ ಕುಡಿದಿದ್ದರೆ ಅದನ್ನೂ ಹೇಳುತ್ತಾನೆ.